ಊರಿನ ರಾಜಿಪತ್ರಗಳಿಗೆ ಕಾನೂನಿನ ಬಲ

ಉಡುಪಿ ಜಿಲ್ಲೆಯ ಬೈಲು ಗದ್ದೆಗಳಲ್ಲಿ ಸುಗ್ಗಿ ಮತ್ತು ಕೊಳಕೆ ಬೆಳೆಗಳು ತೋಡಿನ ನೀರನ್ನೂ, ಆ ನೀರನ್ನು ತಡೆದು ನಿಲ್ಲಿಸುವ ಕಟ್ಟವನ್ನೂ ನಂಬಿಕೊಂಡಿರುವುವೆಂಬುದು ನಮ್ಮ ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಮಳೆಗಾಲ ಕಳೆದು ಕಟ್ಟ ಕಟ್ಟುವ ಸಮಯದಲ್ಲಿ ಮೇಲಿನ ಗದ್ದೆಯವನಿಗೂ ಕೆಳಗಿನ ಗದ್ದೆಯವನಿಗೂ ತಕರಾರು ಹುಟ್ಟಿತೆಂದರೆ, ಕೋರ್ಟಿನಲ್ಲಿ ನಾಲ್ಕಾರು ವಾಯಿದೆಗಳು ಕಳೆಯುವುದರೊಳಗಾಗಿ ಆ ವರ್ಷದ ಬೆಳೆ ಎರಡು ಕಡೆಯವರಿಗೂ ಇಲ್ಲದೆ ಹೋಗುತ್ತದೆ. ಆದುದರಿಂದಲೇ ಈ ಸೀಮೆಯಲ್ಲಿ ಗುತ್ತಿನ ಮನೆಯ ಚಾವಡಿಯಲ್ಲಾಗಲಿ, ದೇವಸ್ಥಾನದ ಅಂಗಳದಲ್ಲಾಗಲಿ, ದೈವಸ್ಥಾನದ ಎದುರಿನಲ್ಲಾಗಲಿ ಹತ್ತು ಸಮಸ್ತರು ಸೇರಿ ಮಾತುಕತೆಯಿಂದ ತಕರಾರು ತೀರಿಸುವ ಪದ್ಧತಿಯು ಬಹಳ ಹಿಂದಿನಿಂದ ನಡೆದುಬಂದಿದೆ. ಪಟೇಲಿಕೆ, ಶ್ಯಾನುಭೋಗಿಕೆಗಳು 1961ರ ಗ್ರಾಮಾಧಿಕಾರ ನಿರ್ಮೂಲನ ಕಾಯಿದೆಯಿಂದ ಹೋದವಾದರೂ ಊರಿನ ಹಿರಿಯರ ಮಾತಿಗೆ ಇರುವ ಮರ್ಯಾದೆ ಇನ್ನೂ ಹೋಗಿಲ್ಲ.

ಇಂಥ ಪಂಚಾಯಿತಿಕೆಯು ಒಳ್ಳೆಯದೆಂಬುದರಲ್ಲಿ ಸಂಶಯವಿಲ್ಲ. ಆದರೆ ಮಾತು ಮುಗಿದ ಮೇಲೆ ಬರೆಯುವ ಕಾಗದದ ವಿಷಯದಲ್ಲಿ ನಮ್ಮವರಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆಯಿದೆ. ಛಾಪಾ ಕಾಗದದ ಮೇಲೆ ಬರೆದು, ಇಬ್ಬರ ರುಜು ಹಾಕಿಸಿ, ನಾಲ್ವರು ಸಾಕ್ಷಿ ಹಾಕಿ, ನೋಟರಿಯವರ ಕೆಂಪು ಮುದ್ರೆ ಒತ್ತಿಸಿಬಿಟ್ಟರೆ ಅದು ಕೋರ್ಟಿನ ತೀರ್ಪಿಗೆ ಸಮಾನವಾಯಿತೆಂದು ಅನೇಕರು ಭಾವಿಸುತ್ತಾರೆ. ಅದು ಹಾಗಲ್ಲ. ನೋಟರಿಯ ಮುದ್ರೆಯು ರುಜು ಮಾಡಿದವರು ಇವರೇ ಎಂಬುದಕ್ಕೆ ಮಾತ್ರ ಸಹಾಯಕವಾಗುವುದಲ್ಲದೆ ಒಳಗಿನ ಕರಾರಿಗೆ ಹೊಸ ಬಲವನ್ನೇನೂ ಕೊಡುವುದಿಲ್ಲ.

ಆ ಕಾಗದವು 1872ರ ಕರಾರು ಕಾಯಿದೆಯ ಪ್ರಕಾರ ಒಂದು ಕರಾರು, ಅಷ್ಟೇ. ಒಬ್ಬನು ಮಾತಿಗೆ ತಪ್ಪಿದರೆ ಇನ್ನೊಬ್ಬನು ಹೊಸದಾಗಿ ದಾವೆ ಹೂಡಿ, ಕರಾರು ನಡೆದದ್ದು ನಿಜವೆಂದು ಸ್ಥಾಪಿಸಿ, ಆಮೇಲೆ ಡಿಕ್ರಿ ಪಡೆಯಬೇಕು. ಅಂದರೆ ಯಾವ ದಾವೆಯನ್ನು ತಪ್ಪಿಸುವುದಕ್ಕೋಸ್ಕರ ರಾಜಿ ಮಾಡಿಕೊಂಡೆವೋ ಅದೇ ದಾವೆ ಇನ್ನೊಂದು ಹೆಸರಿನಿಂದ ತಿರುಗಿ ಬಂದಂತಾಯಿತು. ಅದಕ್ಕೂ ಅವಧಿಯುಂಟು: ಕರಾರಿನ ಭಂಗವಾದ ಬಳಿಕ ಸಾಧಾರಣವಾಗಿ 3 ವರ್ಷಗಳೊಳಗೆ ದಾವೆ ಹೂಡದಿದ್ದರೆ ಹಕ್ಕು ಕಾಲಬಾಧಿತವಾಗುತ್ತದೆ. ಡಿಕ್ರಿಯಾದರೋ ಹಾಗಲ್ಲ. ಅದನ್ನು ಅಮಲ್ಜಾರಿ ಮಾಡಿಸಲು 12 ವರ್ಷಗಳ ಅವಧಿಯಿದೆ. ಶಾಶ್ವತ ತಡೆಯಾಜ್ಞೆಯ ಡಿಕ್ರಿಗೆ ಆ ಅವಧಿಯ ಮಿತಿಯೂ ಇಲ್ಲ. ನೀರಿನ ಸರದಿ, ನಡೆಯುವ ದಾರಿ ಮುಂತಾದ ವಿಷಯಗಳಲ್ಲಿ ಮೊದಲ ಮೂರು ವರ್ಷ ಎಲ್ಲರೂ ನೆಟ್ಟಗಿದ್ದು, ಮಕ್ಕಳ ಕೈಗೆ ಜಮೀನು ಬಂದ ಮೇಲೆ ತಕರಾರು ಏಳುವುದೇ ಹೆಚ್ಚು. ಆದುದರಿಂದ ಈ ವ್ಯತ್ಯಾಸವು ಸಣ್ಣದೆಂದು ತಿಳಿಯಬಾರದು.

ಹಾಗಾದರೆ ಊರಿನಲ್ಲಿ ಆದ ರಾಜಿಗೆ ಡಿಕ್ರಿಯ ಬಲವು ಬರುವುದು ಹೇಗೆ? ಮುಖ್ಯವಾಗಿ ಎರಡು ದಾರಿಗಳಿವೆ.

ಕೋರ್ಟಿನಲ್ಲಿ ದಾವೆ ಆಗಲೇ ನಡೆಯುತ್ತಿದ್ದರೆ 1908ರ ಸಿವಿಲ್ ಪ್ರೊಸೀಜರ್ ಕೋಡಿನ 23ನೆಯ ಆರ್ಡರಿನ 3ನೆಯ ರೂಲು ಒಂದು ದಾರಿಯನ್ನು ತೋರಿಸುತ್ತದೆ. ರಾಜಿಯು ಬರವಣಿಗೆಯಲ್ಲಿದ್ದು, ಉಭಯ ಪಕ್ಷದವರ ರುಜು ಇದ್ದು, ಒಳಗಿನ ಷರತ್ತುಗಳು ಕಾನೂನಿಗೆ ವಿರುದ್ಧವಾಗಿಲ್ಲದಿದ್ದರೆ ನ್ಯಾಯಾಧೀಶರು ಅದನ್ನು ದಾಖಲು ಮಾಡಿ ಅದರಂತೆಯೇ ಡಿಕ್ರಿ ಮಾಡತಕ್ಕದ್ದು. ಚಾವಡಿಯಲ್ಲಿ ರಾಜಿಯಾಯಿತೆಂದು ದಾವೆಯನ್ನು ಸುಮ್ಮನೆ ಹಿಂತೆಗೆದುಕೊಂಡು ಬರುವವರು ಈ ಲಾಭವನ್ನು ಕೈಯಾರೆ ಬಿಟ್ಟುಕೊಡುತ್ತಾರೆ. ಹಿಂತೆಗೆದುಕೊಂಡ ದಾವೆಯಲ್ಲಿ ಡಿಕ್ರಿಯೆಂಬುದೇ ಇರುವುದಿಲ್ಲ. ಕೋರ್ಟಿನ ಅನುಮತಿಯಿಲ್ಲದೆ ಹಿಂತೆಗೆದುಕೊಂಡರೆ ಅದೇ ವಿಷಯದ ಮೇಲೆ ಹೊಸ ದಾವೆಯನ್ನು ತರಲೂ ಆಗುವುದಿಲ್ಲ.

ಕೋರ್ಟೇ ಪಕ್ಷದವರನ್ನು ಮಧ್ಯಸ್ಥಿಕೆಗೆ ಕಳುಹಿಸುವ ಕ್ರಮವೂ ಇದೆ. ಸದರಿ ಕೋಡಿನ 89ನೆಯ ಕಲಮು 2002ನೆಯ ಇಸವಿಯಿಂದ ಈಗಿನ ರೂಪದಲ್ಲಿ ಜಾರಿಗೆ ಬಂದಿತು. ನಮ್ಮ ರಾಜ್ಯದಲ್ಲಿ ಅದಕ್ಕಾಗಿ 2005ರಲ್ಲಿ ಮಧ್ಯಸ್ಥಿಕೆಯ ನಿಯಮಗಳಾದವು. ತರಬೇತಾದ ಮಧ್ಯಸ್ಥರ ಮುಂದೆ ಆಡಿದ ಮಾತುಗಳು ಗುಟ್ಟಾಗಿರತಕ್ಕವು; ರಾಜಿಯಾಗದಿದ್ದರೆ ಆಗಲಿಲ್ಲವೆಂಬಷ್ಟನ್ನೇ ಕೋರ್ಟಿಗೆ ತಿಳಿಸಬೇಕಲ್ಲದೆ ಯಾರು ಏನು ಒಪ್ಪಿದ್ದರೆಂದು ತಿಳಿಸಬಾರದೆಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿದೆ. ಚಾವಡಿಯಲ್ಲಿ ಒಂದು ಮೆಟ್ಟು ಇಳಿದು ಮಾತನಾಡಿದರೆ ನಾಳೆ ಅದನ್ನೇ ತನ್ನ ಮೇಲೆ ಎತ್ತಿ ಆಡುವರೆಂಬ ಭಯದಿಂದ ಬಾಯಿ ಬಿಡದೆ ಕುಳಿತುಕೊಳ್ಳುವ ಯಜಮಾನರಿಗೆ ಇದು ದೊಡ್ಡ ಅನುಕೂಲವೇ ಸರಿ. ಅಲ್ಲಿ ರಾಜಿಯಾದರೆ ಆ ಪತ್ರವು ಕೋರ್ಟಿಗೆ ಬಂದು ಡಿಕ್ರಿಯಾಗುತ್ತದೆ.

ದಾವೆಯೇ ಇಲ್ಲದ ತಕರಾರುಗಳಿಗೆ ಲೋಕ ಅದಾಲತ್ತು ಎರಡನೆಯ ದಾರಿಯಾಗಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯು 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಕೋರ್ಟಿಗೆ ಹೋಗುವ ಮುಂಚೆಯೇ ತಕರಾರನ್ನು ಲೋಕ ಅದಾಲತ್ತಿನ ಮುಂದೆ ಇಡಬಹುದು. ಉಡುಪಿ, ಮಣಿಪಾಲ, ಕಾಪು ಕಡೆಯವರು ಉಡುಪಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿಯೂ, ಕಾರ್ಕಳದ ಕಡೆಯವರು ಅಲ್ಲಿಯ ತಾಲೂಕು ಸಮಿತಿಯಲ್ಲಿಯೂ ಅರ್ಜಿ ಕೊಟ್ಟು ವಿಚಾರಿಸಬಹುದು. ಊರಿನಲ್ಲಿ ಮಾತು ಮುಗಿಸಿಕೊಂಡು, ಆ ಷರತ್ತುಗಳನ್ನು ಅಲ್ಲಿಗೆ ಕೊಂಡುಹೋಗಿ ಇಬ್ಬರೂ ಒಪ್ಪಿದರೆ, ಅದಾಲತ್ತಿನವರು ಕೊಡುವ ಅವಾರ್ಡು 21ನೆಯ ಕಲಮಿನಂತೆ ಸಿವಿಲ್ ಕೋರ್ಟಿನ ಡಿಕ್ರಿಯೆಂದೇ ಎಣಿಸಲ್ಪಡುತ್ತದೆ. ಅದರ ಮೇಲೆ ಅಪೀಲು ಇಲ್ಲ. ಮೋಸ ಮುಂತಾದ ಅತ್ಯಲ್ಪ ಕಾರಣಗಳಿಗೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬಹುದು, ಅಷ್ಟೆ. ಅರ್ಜಿಗೆ ಕೋರ್ಟುಫೀಯ ಖರ್ಚು ಇಲ್ಲ. ನಡೆಯುತ್ತಿರುವ ದಾವೆಯು ಅಲ್ಲಿ ತೀರಿದರೆ ಕಟ್ಟಿದ ಫೀಯೂ ಹಿಂದಕ್ಕೆ ಬರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಸಣ್ಣ ಹಿಡುವಳಿದಾರರಿಗೆ ಇದಕ್ಕಿಂತ ಸುಲಭವಾದ ದಾರಿ ಬೇರೊಂದಿಲ್ಲ. ಅದು ಮೋಟಾರು ಅಪಘಾತದ ಪರಿಹಾರಕ್ಕೂ ಬ್ಯಾಂಕಿನ ಸಾಲಕ್ಕೂ ಮಾತ್ರ ಇರತಕ್ಕದ್ದೆಂದು ಅನೇಕರು ತಿಳಿದಿರುವುದು ಸರಿಯಲ್ಲ.

ಇನ್ನು 2023ರ ಮಧ್ಯಸ್ಥಿಕೆ ಕಾಯಿದೆಯ ವಿಷಯ. ಈಗ ಹೊಸ ಕಾನೂನು ಬಂದಿದೆ, ಊರಿನ ರಾಜಿಗೆಲ್ಲ ಡಿಕ್ರಿಯ ಬಲ ಬಂದಿತು ಎಂಬ ಮಾತು ಅಲ್ಲಲ್ಲಿ ಕೇಳಿಬರುವುದರಿಂದ ಇದನ್ನು ಸ್ವಲ್ಪ ವಿವರಿಸುವುದು ಅವಶ್ಯ. ಈ ಕಾಯಿದೆಗೆ 2023ರ ಸೆಪ್ಟೆಂಬರ್ 14ರಂದು ರಾಷ್ಟ್ರಪತಿಗಳ ಒಪ್ಪಿಗೆ ದೊರೆಯಿತು. ಅದರ 27ನೆಯ ಕಲಮಿನಂತೆ, ಕಾಯಿದೆಯ ಕ್ರಮವನ್ನು ಅನುಸರಿಸಿ ಮಧ್ಯಸ್ಥರ ಮುಂದೆ ಆಗಿ, ಪಕ್ಷದವರು ರುಜು ಮಾಡಿ, ಮಧ್ಯಸ್ಥರು ದೃಢೀಕರಿಸಿದ ರಾಜಿಪತ್ರವು ಕೋರ್ಟಿನ ಡಿಕ್ರಿಯಂತೆಯೇ ಅಮಲ್ಜಾರಿಗೆ ಅರ್ಹವಾಗುತ್ತದೆ. ಮೋಸ, ಲಂಚ, ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ರುಜು ಮಾಡಿದ್ದು, ಮಧ್ಯಸ್ಥಿಕೆಗೆ ಒಳಪಡದ ವಿಷಯದ ಮೇಲೆ ರಾಜಿಯಾದದ್ದು, ಈ ನಾಲ್ಕು ಕಾರಣಗಳಿಂದ ಮಾತ್ರ ಅದನ್ನು 90 ದಿನಗಳೊಳಗೆ ಪ್ರಶ್ನಿಸಬಹುದು. ತಕ್ಕ ಕಾರಣವಿದ್ದರೆ ಇನ್ನೂ 90 ದಿನಗಳ ಅವಕಾಶವಿದೆ.

ಆದರೆ ಎರಡು ಮಾತುಗಳನ್ನು ಮರೆಯಬಾರದು. ಕಾಯಿದೆಯ ಕಲಮುಗಳೆಲ್ಲ ಒಂದೇ ದಿನ ಜಾರಿಗೆ ಬಂದವಲ್ಲ. 2023ರ ಅಕ್ಟೋಬರ್ 9ರ ಮೊದಲ ಅಧಿಸೂಚನೆಯಿಂದ ಕೆಲವು ಕಲಮುಗಳು ಮಾತ್ರ ಜಾರಿಗೆ ಬಂದವು. 27ನೆಯ ಕಲಮು ಆ ಪಟ್ಟಿಯಲ್ಲಿ ಸೇರಿರಲಿಲ್ಲ. ಆದುದರಿಂದ ಅದನ್ನು ನಂಬಿ ರಾಜಿ ಬರೆಯತಕ್ಕವರು ಬರೆಯುವ ದಿನದಲ್ಲಿ ಅದು ಜಾರಿಯಲ್ಲಿದೆಯೇ ಎಂದು ಪ್ರಾಧಿಕಾರದ ಕಚೇರಿಯಲ್ಲಿ ಕೇಳಿ ತಿಳಿದುಕೊಂಡೇ ಮುಂದುವರಿಯತಕ್ಕದ್ದು. ಎರಡನೆಯದು ಊರಿನ ಮುಖಂಡರಿಗೆ ಇನ್ನೂ ಮುಖ್ಯವಾದುದು. ಒಂದು ಊರಿನ ಅಥವಾ ಕೇರಿಯ ಶಾಂತಿಗೆ ಸಂಬಂಧಪಟ್ಟ ತಕರಾರುಗಳಿಗಾಗಿ ಕಾಯಿದೆಯಲ್ಲಿ ಸಮುದಾಯ ಮಧ್ಯಸ್ಥಿಕೆಯೆಂಬ ಬೇರೆ ಅಧ್ಯಾಯವಿದೆ. ಪಕ್ಷದವರ ಒಪ್ಪಿಗೆಯಿಂದ ಮೂವರು ಮಧ್ಯಸ್ಥರು ಕುಳಿತು ತೀರಿಸುವ ಈ ಕ್ರಮವು ನಮ್ಮ ಚಾವಡಿಯ ಪಂಚಾಯಿತಿಕೆಯನ್ನೇ ಹೋಲುತ್ತದೆ. ಆದರೆ ಅಲ್ಲಿ ಆದ ಒಪ್ಪಂದವು ನೆಮ್ಮದಿಯನ್ನು ಕಾಪಾಡುವುದಕ್ಕಾಗಿ ಇರತಕ್ಕದ್ದೇ ಹೊರತು ಡಿಕ್ರಿಯಂತೆ ಅಮಲ್ಜಾರಿ ಮಾಡಿಸಲು ಬರತಕ್ಕದ್ದಲ್ಲವೆಂದು ಕಾಯಿದೆಯೇ ಸ್ಪಷ್ಟವಾಗಿ ಹೇಳುತ್ತದೆ. ಹೆಸರು ಒಂದೇ ತೆರನಾಗಿದ್ದರೂ ಬಲವು ಬೇರೆ. ಲೋಕ ಅದಾಲತ್ತಿನ ಕ್ರಮಕ್ಕೆ ಈ ಹೊಸ ಕಾಯಿದೆಯಿಂದ ಬಾಧೆಯೇನೂ ಇಲ್ಲ.

ದಾರಿ ಯಾವುದಾದರೂ ಆಗಲಿ, ಬರೆದದ್ದು ಸರಿಯಾಗಿಲ್ಲದಿದ್ದರೆ ಬಲವಿದ್ದೂ ಪ್ರಯೋಜನವಿಲ್ಲ. ಡಿಕ್ರಿಯನ್ನು ನಡೆಸಲು ಬರುವ ಕೋರ್ಟಿನ ಅಮೀನನು ಊರಿನವನಲ್ಲ. ಪಕ್ಷದವರ ಮನಸ್ಸಿನಲ್ಲಿದ್ದದ್ದು ಅವನಿಗೆ ತಿಳಿಯದು. ಕಾಗದದಲ್ಲಿ ಇದ್ದಷ್ಟೇ ಅವನಿಗೆ ಕಾಣುವುದು. ಒಂದು ದೃಷ್ಟಾಂತವನ್ನು ಊಹಿಸಿಕೊಳ್ಳೋಣ. ಕಾಪು ತಾಲೂಕಿನ ಒಂದು ತೋಡಿನ ಬದಿಯಲ್ಲಿ ಇಬ್ಬರು ಹಿಡುವಳಿದಾರರಿಗೆ ಕಟ್ಟದ ನೀರಿನ ತಕರಾರು ತೀರಿ, “ಉಭಯತ್ರರೂ ಅನ್ಯೋನ್ಯವಾಗಿದ್ದು ನೀರನ್ನು ಸಮನಾಗಿ ಹಂಚಿಕೊಂಡು ಹೋಗತಕ್ಕದ್ದು” ಎಂದು ಬರೆದರೆನ್ನಿ. ಓದಲು ಇದು ಬಹಳ ಚೆನ್ನಾಗಿದೆ. ಆದರೆ ಕೆಳಗಿನವನಿಗೆ ನೀರು ಬಾರದೆ ಅವನು ಕೋರ್ಟಿಗೆ ಹೋದರೆ, ಸಮನಾಗಿ ಎಂದರೆ ಎಷ್ಟು, ಯಾವ ದಿನ, ಯಾರು ಕಟ್ಟದ ಹಲಗೆ ತೆಗೆಯಬೇಕು ಎಂಬ ಪ್ರಶ್ನೆಗಳಿಗೆ ಆ ಕಾಗದದಲ್ಲಿ ಉತ್ತರವಿಲ್ಲ.

ಅದನ್ನೇ ಹೀಗೆ ಬರೆಯಬಹುದು: “ಪ್ರತಿ ವರ್ಷ ಡಿಸೆಂಬರ್ 1ರಿಂದ ಏಪ್ರಿಲ್ 30ರ ವರೆಗೆ ಸೋಮವಾರ, ಬುಧವಾರ, ಶುಕ್ರವಾರಗಳಂದು ಬೆಳಗ್ಗೆ 6 ಗಂಟೆಯಿಂದ ಸಂಜೆ 6 ಗಂಟೆಯ ತನಕ ಕಟ್ಟದ ಮೇಲಿನ ಎರಡು ಹಲಗೆಗಳನ್ನು ಒಂದನೆಯವನು ತೆಗೆದಿಡತಕ್ಕದ್ದು, ತೆಗೆಯದಿದ್ದರೆ ಎರಡನೆಯವನು ತಾನೇ ತೆಗೆಯಲು ಹಕ್ಕುಳ್ಳವನು, ಅದಕ್ಕೆ ಒಂದನೆಯವನು ಅಡ್ಡಿ ಮಾಡಕೂಡದು, ಕಟ್ಟ ಕಟ್ಟುವ ಖರ್ಚಿನಲ್ಲಿ ಅರ್ಧವನ್ನು ಎರಡನೆಯವನು ನವೆಂಬರ್ 30ರೊಳಗೆ ಕೊಡತಕ್ಕದ್ದು.” ಇದರಲ್ಲಿ ದಿನವಿದೆ, ಗಂಟೆಯಿದೆ, ಕೆಲಸವಿದೆ, ಮಾಡತಕ್ಕವನು ಯಾರೆಂದಿದೆ, ಮಾಡದಿದ್ದರೆ ಏನೆಂದೂ ಇದೆ. ಇಂಥ ಡಿಕ್ರಿಯನ್ನು ಬೇಕೆಂದೇ ಮೀರಿದವನ ಸ್ವತ್ತನ್ನು ಜಪ್ತಿ ಮಾಡುವುದಕ್ಕೂ, ಅವನನ್ನು ಸಿವಿಲ್ ಜೈಲಿನಲ್ಲಿಡುವುದಕ್ಕೂ 21ನೆಯ ಆರ್ಡರಿನ 32ನೆಯ ರೂಲಿನಲ್ಲಿ ಅಧಿಕಾರವಿದೆ.

ದಾರಿಯ ತಕರಾರಿಗೂ ಇದೇ ಕ್ರಮ. ಕಟ್ಟಹುಣಿಯ ಮೇಲೆ ನಡೆದುಹೋಗಲು ಮಾತ್ರವೋ, ಟಿಲ್ಲರು, ಕೊಯ್ಲಿನ ಯಂತ್ರಗಳು ಹೋಗುವುದಕ್ಕೂ ಸೇರಿಯೋ, ಅಗಲವೆಷ್ಟು, ಎಲ್ಲಿಂದ ಎಲ್ಲಿಗೆ, ತಡಮೆ ಇಡಬಹುದೋ ಇಲ್ಲವೋ ಎಂಬುದನ್ನು ನಕ್ಷೆಯೊಂದಿಗೆ ಬರೆಯತಕ್ಕದ್ದು. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯು ಮದ್ರಾಸು ಪ್ರಾಂತಕ್ಕೆ ಸೇರಿದ್ದುದರಿಂದ 1882ರ ಈಸ್‌ಮೆಂಟ್ ಕಾಯಿದೆಯು ಮೊದಲಿನಿಂದಲೂ ನಮ್ಮ ಸೀಮೆಗೆ ಅನ್ವಯಿಸಿದೆ. ಹಕ್ಕೆಂದು 20 ವರ್ಷ ಅಡ್ಡಿಯಿಲ್ಲದೆ ನಡೆದ ದಾರಿಗೆ ಅದರಲ್ಲಿ ರಕ್ಷಣೆಯಿದೆ. ಒಂದು ಎಚ್ಚರಿಕೆಯುಂಟು: “ಇವರ ಅನುಮತಿಯಿಂದ ನಡೆಯುತ್ತಿದ್ದೇನೆ” ಎಂಬ ಒಂದು ಮಾತು ರಾಜಿಪತ್ರದಲ್ಲಿ ನುಸುಳಿದರೆ ಇಪ್ಪತ್ತು ವರ್ಷಗಳ ಹಕ್ಕಿನ ವಾದಕ್ಕೆ ಅದು ಬಾಧಕವಾಗುವುದು.

ಸರ್ವೆ ನಂಬ್ರ, ಹಿಸ್ಸೆ, ವಿಸ್ತೀರ್ಣ, ಚಕ್ಕುಬಂದಿಗಳನ್ನು ಪಹಣಿಯಲ್ಲಿರುವಂತೆಯೇ ಬರೆಯತಕ್ಕದ್ದೆಂದು ಹೇಳಬೇಕಾಗಿಲ್ಲ.

ಇನ್ನು ನೋಂದಣಿಯ ಪ್ರಶ್ನೆ. 1908ರ ರಿಜಿಸ್ಟ್ರೇಷನ್ ಕಾಯಿದೆಯ 17ನೆಯ ಕಲಮಿನಂತೆ, 100 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯಲ್ಲಿ ಹಕ್ಕನ್ನು ಹುಟ್ಟಿಸುವ ಅಥವಾ ಬಿಟ್ಟುಕೊಡುವ ದಸ್ತಾವೇಜನ್ನು ರಿಜಿಸ್ಟರು ಮಾಡಿಸಲೇಬೇಕು. ಇಲ್ಲವಾದರೆ ಆ ಹಕ್ಕಿಗೆ ಅದು ಸಾಕ್ಷ್ಯವಾಗಲಾರದು. ಕುಟುಂಬದ ಪಾಲಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಬಾಯಿಮಾತಿನಿಂದ ಪಾಲು ಮೊದಲೇ ಆಗಿಹೋಗಿ, ಅದನ್ನು ನೆನಪಿಗಾಗಿ ಬರೆದಿಟ್ಟ ಯಾದಿಗೆ ನೋಂದಣಿ ಬೇಡವೆಂದೂ, ಆ ಕಾಗದದಿಂದಲೇ ಪಾಲು ಆಗುವುದಾದರೆ ನೋಂದಣಿ ಬೇಕೆಂದೂ ಸುಪ್ರೀಂ ಕೋರ್ಟು 1976ರಲ್ಲಿ ತೀರ್ಮಾನಿಸಿದೆ. ಇದನ್ನು ಕೇಳಿಕೊಂಡು ಎಲ್ಲ ಪಾಲುಪಟ್ಟಿಗಳನ್ನೂ ನೆನಪಿನ ಯಾದಿಯೆಂದು ಬರೆಯುವ ಜಾಣರಿದ್ದಾರೆ. ಸ್ಟಾಂಪಿನ ಖರ್ಚು ಉಳಿದೀತು, ಜಮೀನು ಉಳಿಯುವುದೆಂದು ಹೇಳಲಾಗದು. ಸಾಲದ ಸ್ಟಾಂಪಿನ ದಸ್ತಾವೇಜನ್ನು ಕೋರ್ಟಿನಲ್ಲಿ ಹಾಜರುಪಡಿಸಿದರೆ 1957ರ ಕರ್ನಾಟಕ ಸ್ಟಾಂಪು ಕಾಯಿದೆಯಂತೆ ಕಡಮೆಯಾದ ಹಣವನ್ನೂ ಅದರ ಹತ್ತು ಪಾಲು ದಂಡವನ್ನೂ ತೆತ್ತ ಬಳಿಕವೇ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸುವರು. ರಾಜಿ ಡಿಕ್ರಿಗೆ ನೋಂದಣಿಯಿಂದ ವಿನಾಯಿತಿ ಇರುವುದು ದಾವೆಗೆ ಒಳಪಟ್ಟ ಸ್ವತ್ತಿನ ಮಟ್ಟಿಗೆ ಮಾತ್ರ. ದಾವೆಯಲ್ಲಿಲ್ಲದ ಇನ್ನೊಂದು ಗದ್ದೆಯನ್ನು ರಾಜಿಯೊಳಗೆ ಸೇರಿಸಿದರೆ ಅದಕ್ಕೆ ನೋಂದಣಿ ಬೇಕಾಗುವುದು.

ಕುಟುಂಬದ ಪಾಲಿನಲ್ಲಿ ರುಜು ಮಾಡತಕ್ಕವರು ಯಾರೆಂಬುದೇ ಈ ಜಿಲ್ಲೆಯಲ್ಲಿ ಕಷ್ಟದ ಪ್ರಶ್ನೆ. ಅಳಿಯಸಂತಾನದ ಕುಟುಂಬಗಳಲ್ಲಿ 1949ರ ಮದ್ರಾಸು ಕಾಯಿದೆಯು ಬಂದ ಮೇಲೆ ಕವರುಗಳಿಗೆ ಪಾಲು ಕೇಳುವ ಹಕ್ಕು ದೊರೆಯಿತು. ಯಜಮಾನನೊಬ್ಬನೇ ರುಜು ಮಾಡಿ ಎಲ್ಲ ಕವರುಗಳ ಪಾಲನ್ನು ಮುಗಿಸಿದೆನೆಂದರೆ ಆಗುವುದಿಲ್ಲ. ಮಕ್ಕಳಸಂತಾನದವರಲ್ಲಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ 2005ರ ತಿದ್ದುಪಡಿಯಿಂದ ಗಂಡುಮಕ್ಕಳಿಗೆ ಸಮನಾದ ಹಕ್ಕಿದೆ. ಕೊಟ್ಟ ಮನೆಗೆ ಹೋದವಳನ್ನು ಕೇಳುವುದೇನು ಎಂದು ಅವರನ್ನು ಬಿಟ್ಟು ಬರೆದ ರಾಜಿಯು ಅವರನ್ನು ಬಂಧಿಸುವುದಿಲ್ಲ. ಅಪ್ರಾಪ್ತವಯಸ್ಕರಿದ್ದರೆ ದಾವೆಯಲ್ಲಿ ಅವರ ಪರವಾಗಿ ರಾಜಿ ಮಾಡಲು ಕೋರ್ಟಿನ ಅಪ್ಪಣೆ ಬೇಕು. ಮುಂಬಯಿಯಲ್ಲಿಯೋ ಅರಬ್ಬೀ ದೇಶಗಳಲ್ಲಿಯೋ ಇರುವವರು ಕಳುಹಿಸುವ ಮುಖ್ತ್ಯಾರುನಾಮೆಯಲ್ಲಿ ರಾಜಿ ಮಾಡಿಕೊಳ್ಳುವ ಅಧಿಕಾರವು ಸ್ಪಷ್ಟವಾಗಿ ಬರೆದಿರಬೇಕು. ಹೊರದೇಶದಲ್ಲಿ ಬರೆದದ್ದಾದರೆ ಇಲ್ಲಿಗೆ ಬಂದ 3 ತಿಂಗಳೊಳಗೆ ಅದಕ್ಕೆ ಸ್ಟಾಂಪು ಮಾಡಿಸತಕ್ಕದ್ದು.

ಕೆಲವು ವಿಷಯಗಳು ಎಷ್ಟು ಒಪ್ಪಿಗೆಯಿದ್ದರೂ ರಾಜಿಗೆ ಒಳಪಡತಕ್ಕವಲ್ಲ. ಮೊದಲನೆಯದು ಕುಮ್ಕಿ. ಕದೀಮ್ ವರ್ಗದ ಎಲ್ಲೆಯಿಂದ 100 ಗಜಗಳೊಳಗಿನ ಈ ಭೂಮಿಯಲ್ಲಿ ವರ್ಗದಾರನಿಗೆ ಸೊಪ್ಪು, ಹುಲ್ಲು, ಬೇಸಾಯಕ್ಕೆ ಬೇಕಾದ ಮರಮಟ್ಟುಗಳ ಸವಲತ್ತು ಇರುವುದೇ ಹೊರತು ಭೂಮಿಯು ಸರಕಾರದ್ದು. 1964ರ ಭೂಕಂದಾಯ ಕಾಯಿದೆಯ 79ನೆಯ ಕಲಮು ಆ ಸವಲತ್ತನ್ನು ಮಾತ್ರ ಉಳಿಸಿದೆ. ಇಬ್ಬರು ವರ್ಗದಾರರು ಕುಮ್ಕಿಯನ್ನು ತಮ್ಮೊಳಗೆ ಹಂಚಿಕೊಂಡು ರಾಜಿ ಬರೆದರೆ ಸರಕಾರವು ಅದಕ್ಕೆ ಬದ್ಧವಲ್ಲ. ಎರಡನೆಯದು ಗೇಣಿ. 1974ರ ಮಾರ್ಚ್ 1ರಂದು ಗೇಣಿಯ ಜಮೀನುಗಳು ಸರಕಾರದಲ್ಲಿ ನಿಹಿತವಾದುವು. ಆ ಬಳಿಕ ಸೈನಿಕರು, ನಾವಿಕರು ಮುಂತಾದ ಕೆಲವರ ಹೊರತು ಬೇಸಾಯದ ಜಮೀನನ್ನು ಗೇಣಿಗೆ ಕೊಡುವುದಕ್ಕೆ ಭೂಸುಧಾರಣಾ ಕಾಯಿದೆಯ 5ನೆಯ ಕಲಮಿನ ನಿಷೇಧವಿದೆ. “ತಮ್ಮನು ಗದ್ದೆ ಮಾಡಿಕೊಂಡು ಅಣ್ಣನಿಗೆ ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಅಳೆಯತಕ್ಕದ್ದು” ಎಂಬ ಷರತ್ತು ಪಾಲು ಆಗಿಹೋದ ಅಣ್ಣತಮ್ಮಂದಿರ ರಾಜಿಯಲ್ಲಿ ಸಹಜವಾಗಿ ತೋರಿದರೂ ಅದರೊಳಗೆ ಗೇಣಿಯೇ ಅಡಗಿರುವುದುಂಟು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರವು ಮಂಜೂರು ಮಾಡಿದ ಭೂಮಿಯನ್ನು 1978ರ ಕಾಯಿದೆಯಂತೆ ಸರಕಾರದ ಅನುಮತಿಯಿಲ್ಲದೆ ಪರಾಧೀನ ಮಾಡುವಂತಿಲ್ಲ. ರಾಜಿಯ ಹೆಸರಿನಿಂದಲೂ ಮಾಡುವಂತಿಲ್ಲ.

ಹೊಡೆದಾಟದ ಪೊಲೀಸು ಕೇಸನ್ನು ಜಮೀನಿನ ರಾಜಿಯೊಡನೆ ಗಂಟುಹಾಕುವ ರೂಢಿಯೂ ಇದೆ. ರಾಜಿಗೆ ಅವಕಾಶವಿಲ್ಲದ ಅಪರಾಧವನ್ನು ಮುಚ್ಚಿಹಾಕುವುದಕ್ಕೆ ಪ್ರತಿಯಾಗಿ ಕೊಟ್ಟ ಜಮೀನಿನ ಕರಾರು ಶೂನ್ಯವಾಗುತ್ತದೆ. “ಇಬ್ಬರೂ ಇನ್ನು ಮುಂದೆ ಕೋರ್ಟಿಗೆ ಹೋಗಕೂಡದು” ಎಂಬ, ನಮ್ಮ ರಾಜಿಪತ್ರಗಳಲ್ಲಿ ತಪ್ಪದೆ ಕಾಣುವ ಕೊನೆಯ ಸಾಲಿಗೂ ಕರಾರು ಕಾಯಿದೆಯ 28ನೆಯ ಕಲಮಿನಂತೆ ಬೆಲೆಯಿಲ್ಲ.

ಮುಖಂಡರು ಇನ್ನೊಂದನ್ನು ಗಮನಿಸತಕ್ಕದ್ದು. ರಾಜಿಯು ಒಪ್ಪಿಗೆಯಿಂದ ಆಗತಕ್ಕದ್ದು. ದಂಡ ಹಾಕುವೆವೆಂದಾಗಲಿ, ಊರಿನ ಕೂಟಕ್ಕೆ ಕರೆಯೆವೆಂದಾಗಲಿ, ಕೆಲಸಕ್ಕೆ ಆಳು ಬಾರದಂತೆ ಮಾಡುವೆವೆಂದಾಗಲಿ ಹೆದರಿಸಿ ಪಡೆದ ರುಜುವು ಕೋರ್ಟಿನಲ್ಲಿ ಬೀಳುವುದಷ್ಟೇ ಅಲ್ಲ, ಹೆದರಿಸಿದವರ ಮೇಲೆಯೇ ಕೇಸಾದೀತು. ದೈವದ ಎದುರಿನ ಆಣೆ ಪ್ರಮಾಣವನ್ನು ಮನಃಪೂರ್ವಕವಾಗಿ ಮಾಡಿದವನು ಅದಕ್ಕೆ ಬದ್ಧನಾಗಿಯೇ ನಡೆಯುವನು. ಒತ್ತಾಯದಿಂದ ಮಾಡಿಸಿದರೆ ಅದೇ ಎದುರು ಪಕ್ಷದ ವಕೀಲರ ಮೊದಲ ಪ್ರಶ್ನೆಯಾಗುವುದು. ಬಡ ಪಕ್ಷದವನಿಗೆ ರುಜು ಮಾಡುವ ಮೊದಲು ಕಾಗದವನ್ನು ಮನೆಗೆ ಕೊಂಡುಹೋಗಿ ಓದಿಸಿಕೊಳ್ಳಲು ಎರಡು ದಿನ ಅವಕಾಶ ಕೊಡುವುದು ಲೇಸು. ಸ್ತ್ರೀಯರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ ಆದಾಯದ ಮಿತಿಯಿಲ್ಲದೆ ಧರ್ಮಾರ್ಥವಾಗಿ ವಕೀಲರನ್ನು ಒದಗಿಸುವ ಏರ್ಪಾಡು ಮೇಲೆ ಹೇಳಿದ ಪ್ರಾಧಿಕಾರದಲ್ಲಿಯೇ ಇದೆ.

ಡಿಕ್ರಿಯಾಗಲಿ ಅವಾರ್ಡಾಗಲಿ ಕೈಗೆ ಬಂದ ಮೇಲೆ ಅದರ ದೃಢೀಕೃತ ನಕಲುಗಳನ್ನು ಉಭಯ ಪಕ್ಷದವರೂ ಪಡೆದಿಡತಕ್ಕದ್ದು. ಪಾಲು ಅಥವಾ ಹಕ್ಕಿನ ಬದಲಾವಣೆ ಆಗಿದ್ದರೆ ಭೂಕಂದಾಯ ಕಾಯಿದೆಯ 128ನೆಯ ಕಲಮಿನಂತೆ ಕಂದಾಯ ಇಲಾಖೆಗೆ ವರದಿ ಕೊಟ್ಟು ಖಾತೆ ಬದಲಾವಣೆ ಮಾಡಿಸಬೇಕು. ಒಂದು ಸರ್ವೆ ನಂಬ್ರವನ್ನು ತುಂಡುಮಾಡಿ ನೋಂದಣಿಯಾದ ಪಾಲುಪಟ್ಟಿ ಮಾಡತಕ್ಕವರು 11ಇ ನಕ್ಷೆಯನ್ನು ಮುಂಚಿತವಾಗಿಯೇ ಮಾಡಿಸಿಟ್ಟುಕೊಳ್ಳಬೇಕು. ಅಳತೆಗೆ ಅರ್ಜಿ ಹಾಕಿ ಸರ್ವೆಯವರು ಬರುವ ತನಕ ಸಮಯ ಹಿಡಿಯುವುದರಿಂದ, ಚಾವಡಿಯಲ್ಲಿ ಮಾತು ಒಂದು ನೆಲೆಗೆ ಬಂದ ಕೂಡಲೆ ಆ ಅರ್ಜಿಯನ್ನು ಕೊಟ್ಟರೆ, ಕಟ್ಟ ಕಟ್ಟುವ ಕಾಲಕ್ಕೆ ಸರಿಯಾಗಿ ಕಾಗದಗಳೂ ಸಿದ್ಧವಾಗಿರುವುವು.